ಕತ್ತಲಲ್ಲಿ ನಡೆದ ಸೈನಿಕ

1891ರ ಜುಲೈ ತಿಂಗಳು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಇಬ್ಬರು ವಿದ್ವಾಂಸರು ಯಾವಾಗ ಕತ್ತಲಾದೀತೆಂದು ಕಾಯುತ್ತಿದ್ದರು. ಅವರ ಮುಂದೆ ಮೈಗಂಟಿದ ಕಪ್ಪು ಉಡುಪು ತೊಟ್ಟ ಒಬ್ಬ ಸೈನಿಕ ನಿಂತಿದ್ದ. ಎರಡು ತೊಡೆ, ಎರಡು ಕಣಕಾಲು, ಎರಡು ಪಾದ, ಎರಡು ತೋಳು, ಎರಡು ಮುಂಗೈ, ಒಂದು ತಲೆ, ಹೀಗೆ ಹನ್ನೊಂದು ಕಡೆ ಅವನ ಮೈಗೆ ತೆಳ್ಳನೆಯ ಗಾಜಿನ ಕೊಳವೆಗಳನ್ನು ಬಿಗಿದಿದ್ದರು. ಒಂದೊಂದು ಕೊಳವೆಯಿಂದಲೂ ತಂತಿ ಹೊರಟಿತ್ತು. ಒಂದು ಪಟ್ಟಿ ಸಡಿಲವಾದರೂ ಲೆಕ್ಕ ಕೆಡುತ್ತಿತ್ತು, ಒಂದು ತಂತಿ ಮೈಗೆ ತಗಲಿದರೂ ಸೈನಿಕನಿಗೆ ಶಾಕ್ ಹೊಡೆಯುತ್ತಿತ್ತು. ಅವನನ್ನು ಸಜ್ಜುಗೊಳಿಸುವುದಕ್ಕೇ ಗಂಟೆಗಟ್ಟಲೆ ಹಿಡಿದಿತ್ತು. ಇಷ್ಟೆಲ್ಲ ಆದ ಮೇಲೆ ಅವನು ಮಾಡಬೇಕಾಗಿದ್ದುದು ಒಂದೇ ಕೆಲಸ: ನಾಲ್ಕು ಹೆಜ್ಜೆ ನಡೆಯುವುದು.

ನಡಿಗೆಯಲ್ಲಿ ಇನ್ನು ತಿಳಿಯುವುದೇನೂ ಉಳಿದಿಲ್ಲ ಎಂಬ ನಂಬಿಕೆಗೆ ಆಗಲೇ ಅರ್ಧ ಶತಮಾನ ದಾಟಿತ್ತು. ಅದನ್ನು ಬಿತ್ತಿದವರು ವಿಲ್‌ಹೆಲ್ಮ್ ಮತ್ತು ಎಡ್ವರ್ಡ್ ವೇಬರ್ ಎಂಬ ಸೋದರರು. ಅಣ್ಣ ಭೌತವಿಜ್ಞಾನಿ, ತಮ್ಮ ಅಂಗರಚನಾಶಾಸ್ತ್ರಜ್ಞ. ಗಡಿಯಾರ, ಅಳತೆಪಟ್ಟಿ, ದೂರದರ್ಶಕ, ಇಷ್ಟೇ ಅವರ ಸಲಕರಣೆ. ಒಂದು ಶವದ ತೊಡೆಯ ಸುತ್ತಲಿನ ಸ್ನಾಯುಗಳನ್ನೆಲ್ಲ ಅವರು ಕತ್ತರಿಸಿದರು. ಕಾಲು ಕಳಚಿ ಬೀಳಬೇಕಿತ್ತು, ಬೀಳಲಿಲ್ಲ. ತೊಡೆಮೂಳೆಯ ಗುಂಡಿನಂಥ ತಲೆ ಸೊಂಟದ ಗುಣಿಯಲ್ಲಿ ಕಚ್ಚಿಕೊಂಡೇ ಇತ್ತು. ಆಮೇಲೆ ಒಳಗಡೆಯಿಂದ ಆ ಗುಣಿಗೆ ಸಣ್ಣದೊಂದು ತೂತು ಕೊರೆದರು. ಗಾಳಿ ನುಗ್ಗಿತು, ಕಾಲು ಜಾರಿತು. ಅಷ್ಟು ಹೊತ್ತು ಅದನ್ನು ಎತ್ತಿ ಹಿಡಿದಿದ್ದುದು ಹೊರಗಿನ ಗಾಳಿಯ ಒತ್ತಡ! ಸ್ನಾಯುಗಳ ಹಂಗಿಲ್ಲದೆ ತೂಗುವ ಕಾಲು ತನ್ನ ತೂಕದಿಂದಲೇ ಲೋಲಕದ ಹಾಗೆ ಮುಂದಕ್ಕೆ ಬೀಸಿಕೊಳ್ಳುತ್ತದೆ, ಆ ಹೊತ್ತಿಗೆ ಸ್ನಾಯುಗಳಿಗೆ ವಿರಾಮ ಎಂದು 1836ರಲ್ಲಿ ಅವರು ಪುಸ್ತಕ ಬರೆದರು. ಎಷ್ಟು ಚೆಂದದ ಸಿದ್ಧಾಂತವೆಂದರೆ ಅದನ್ನು ಅನುಮಾನಿಸಲು ಯಾರಿಗೂ ಸುಲಭಕ್ಕೆ ಮನಸ್ಸಾಗಲಿಲ್ಲ. ತೊಡೆ ಎತ್ತುವ ಸ್ನಾಯುಗಳು ಸೋತ ರೋಗಿಗಳು ಕಾಲು ಮುಂದಿಡಲು ಒದ್ದಾಡುವುದನ್ನು ಫ್ರಾನ್ಸಿನ ವೈದ್ಯ ದುಶೆನ್ ಕಣ್ಣಾರೆ ಕಂಡು ಆಕ್ಷೇಪ ಎತ್ತಿದ. ಆದರೆ ಅವನ ಕೈಯಲ್ಲಿ ರೋಗಿಗಳಿದ್ದರೇ ಹೊರತು ಲೆಕ್ಕ ಇರಲಿಲ್ಲ.

ಲೆಕ್ಕಕ್ಕೆ ಬೇಕಾಗಿದ್ದುದು ಕಣ್ಣಿಗಿಂತ ಚುರುಕಾದ ಕಣ್ಣು. ಪ್ಯಾರಿಸ್ಸಿನ ಎತಿಯೆನ್ ಜೂಲ್ ಮಾರೆ ಅದರ ಬೆನ್ನು ಹತ್ತಿದ. ಮೊದಲು ಅಟ್ಟೆಯಲ್ಲಿ ಗಾಳಿಯ ಅರೆಯಿದ್ದ ಬೂಟು ಮಾಡಿಸಿದ. ಹೆಜ್ಜೆ ಊರಿದಾಗೆಲ್ಲ ಗಾಳಿ ರಬ್ಬರ್ ನಳಿಗೆಯಲ್ಲಿ ಹಾದು, ನಡೆಯುವವನು ಕೈಯಲ್ಲಿ ಹಿಡಿದ ಉರುಳೆಯ ಮೇಲೆ ಗೆರೆ ಎಳೆಯುತ್ತಿತ್ತು. 1880ರ ದಶಕದಲ್ಲಿ ಕ್ಯಾಮೆರಾ ಹಿಡಿದ. ಕಪ್ಪು ಉಡುಪಿನ ಮೇಲೆ ಕೈಕಾಲಿನ ಗುಂಟ ಬಿಳಿ ಪಟ್ಟಿ ಹಚ್ಚಿ, ಕಪ್ಪು ಹಿನ್ನೆಲೆಯ ಮುಂದೆ ಬಿಸಿಲಲ್ಲಿ ನಡೆಸಿ, ಒಂದೇ ಗಾಜಿನ ಫಲಕದ ಮೇಲೆ ಹತ್ತಾರು ಭಂಗಿ ಸೆರೆಹಿಡಿದ. ನಡಿಗೆ ಗೆರೆಗಳಾಗಿ ಮೂಡಿತು. ಆದರೆ ಆ ಚಿತ್ರ ಒಂದೇ ಮಗ್ಗುಲಿನದು. ನಡೆಯುವಾಗ ಮೈ ಎಡಬಲಕ್ಕೂ ವಾಲುತ್ತದೆ, ಸೊಂಟ ತಿರುಗುತ್ತದೆ. ಅವನ್ನು ಹಿಡಿಯುವ ದಾರಿ ಮಾರೆಗೆ ಪೂರ್ತಿಯಾಗಿ ಸಿಗಲಿಲ್ಲ.

ಆ ದಾರಿ ಹುಡುಕಿದವರೇ ಲೈಪ್‌ಜಿಗ್‌ನ ಜೋಡಿ. ವಿಲ್‌ಹೆಲ್ಮ್ ಬ್ರೌನೆ ಅರವತ್ತರ ಅಂಗರಚನಾಶಾಸ್ತ್ರಜ್ಞ, ಒಟ್ಟೊ ಫಿಷರ್ ಮೂವತ್ತರ ಗಣಿತಜ್ಞ. ಸೈನಿಕನ ಬೆನ್ನಿನ ಹೊರೆ ಎಲ್ಲಿದ್ದರೆ ಅವನಿಗೆ ಹಗುರ ಎಂಬ ಪ್ರಶ್ನೆಯನ್ನೂ ಅವರು ಕೈಗೆತ್ತಿಕೊಂಡಿದ್ದರು. ಅದಕ್ಕೆ ಮೊದಲು ಮನುಷ್ಯನ ಒಂದೊಂದು ಅಂಗದ ತೂಕವೆಷ್ಟು, ಗುರುತ್ವ ಕೇಂದ್ರ ಎಲ್ಲಿ ಎಂದು ಗೊತ್ತಾಗಬೇಕಿತ್ತು. ಶವಗಳನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿ, ಉಕ್ಕಿನ ಸರಳು ತೂರಿಸಿ ತೂಗಿ ಬಿಟ್ಟು, ಕೀಲಿನಲ್ಲಿ ಗರಗಸದಿಂದ ಕೊಯ್ದು, ತುಂಡು ತುಂಡನ್ನೂ ತೂಗಿದರು. ಎದೆ ಗಟ್ಟಿ ಇಲ್ಲದವರಿಗೆ ಆಗುವ ಕೆಲಸವಲ್ಲ. 1889ರಲ್ಲಿ ಆ ಅಂಕಿಗಳು ಅಚ್ಚಾದವು.

ಇನ್ನು ಉಳಿದಿದ್ದುದು ಜೀವಂತ ನಡಿಗೆ. ಬಿಸಿಲನ್ನು ನಂಬದೆ ಅವರು ಬೆಳಕನ್ನೇ ನಡೆಯುವವನ ಮೈಮೇಲೆ ಕೂರಿಸಿದರು. ಸೈನಿಕನಿಗೆ ಕಟ್ಟಿದ್ದು ಗೈಸ್ಲರ್ ಕೊಳವೆಗಳು. ವಿದ್ಯುತ್ತು ಹಾಯಿಸಿದರೆ ಒಳಗಿನ ವಿರಳ ಅನಿಲ ಮಿನುಗುತ್ತಿತ್ತು. ನಡೆಯಲು ಬೇಕಾದಷ್ಟು ದೊಡ್ಡ ಜಾಗಕ್ಕೆ ಹಗಲಲ್ಲಿ ಕತ್ತಲು ಕವಿಸುವುದು ಸಾಧ್ಯವಿರಲಿಲ್ಲ, ಹಾಗಾಗಿ ರಾತ್ರಿಯನ್ನೇ ಆರಿಸಿಕೊಂಡರು. ನಾಲ್ಕು ಕ್ಯಾಮೆರಾಗಳ ಕಣ್ಣು ತೆರೆಯಿತು. ವಿದ್ಯುತ್ತಿನ ಒತ್ತಡ ಏರಿಸುವ ತಂತಿಯ ಸುರುಳಿಯಿಂದ ವಿದ್ಯುತ್ತು ಹೊರಟಿತು, ಸೆಕೆಂಡಿಗೆ ಸುಮಾರು 26 ಸಲ ಹನ್ನೊಂದು ಕೊಳವೆಗಳೂ ಒಟ್ಟಿಗೆ ಮಿಂಚಿದವು. ಕತ್ತಲಲ್ಲಿ ಮನುಷ್ಯ ಕಾಣಲಿಲ್ಲ, ನಡಿಗೆಯೊಂದೇ ಕಂಡಿತು. ಎರಡು ಸಲ ಹೊರೆಯಿಲ್ಲದೆ, ಮೂರನೆಯ ಸಲ ಬಂದೂಕು ಹೊರೆಗಳ ಸಮೇತ ಅವನು ನಡೆದ. ಗಂಟೆಗಟ್ಟಲೆ ಸಿದ್ಧತೆಯ ಫಲ ಕ್ಷಣಗಳಲ್ಲಿ ಫಲಕಕ್ಕೆ ಇಳಿದಿತ್ತು.

ನಿಜವಾದ ಕಷ್ಟ ಅಲ್ಲಿಂದ ಶುರುವಾಯಿತು. ಫಲಕದ ಮೇಲಿನ ಪ್ರತಿಯೊಂದು ಬೆಳಕಿನ ಗೆರೆಯ ಸ್ಥಾನವನ್ನೂ ಸೂಕ್ಷ್ಮದರ್ಶಕದಡಿ ಅಳೆದು, ನಾಲ್ಕು ಚಿತ್ರಗಳನ್ನು ಹೊಂದಿಸಿ, ಆ ಬಿಂದು ಉದ್ದ, ಅಗಲ, ಎತ್ತರದಲ್ಲಿ ಎಲ್ಲಿತ್ತು ಎಂದು ಕೈಯಿಂದಲೇ ಲೆಕ್ಕ ಹಾಕಬೇಕಿತ್ತು. ಕೆಲಸ ಹಿಡಿತಕ್ಕೆ ಬರುವ ಹೊತ್ತಿಗೆ, 1892ರಲ್ಲಿ ಬ್ರೌನೆ ತೀರಿಕೊಂಡರು. ಫಿಷರ್ ಒಬ್ಬಂಟಿಯಾದರು, ಆದರೆ ಕೈಬಿಡಲಿಲ್ಲ. ಮೊದಲ ಸಂಪುಟ 1895ರಲ್ಲಿ ಇಬ್ಬರ ಹೆಸರಲ್ಲಿ ಬಂತು, ಆರನೆಯದು 1904ರಲ್ಲಿ. ಕೆಲವು ಹೆಜ್ಜೆಗಳಿಗಾಗಿ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ದುಡಿದ ಇಂಥ ಹಟ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ. ಅಂಕಿಗಳು ಖಚಿತವಾಗಿ ಹೇಳಿದವು: ಬೀಸುವ ಕಾಲಿನ ಚಲನೆಯನ್ನು ತೂಕವೊಂದೇ ವಿವರಿಸಲಾರದು, ಸ್ನಾಯುಗಳ ಬಲ ಬೇಕೇ ಬೇಕು. ವೇಬರ್ ಸೋದರರ ಲೋಲಕ ಸೋತಿತು.

ಸೋತಿತೆಂದೇ ಎಲ್ಲರೂ ತಿಳಿದಿದ್ದರು. ಆ ತಿಳಿವಳಿಕೆ ಅಲುಗಾಡಿದ್ದು ಒಂದು ಅಪಘಾತದ ಬೆನ್ನಿಗೆ. 1944ರಲ್ಲಿ ಕ್ಯಾಲಿಫೋರ್ನಿಯಾದ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೊವರ್ಡ್ ಎಬರ್‌ಹಾರ್ಟ್ ವಿಮಾನದ ಓಡುದಾರಿಯ ಪರೀಕ್ಷೆಯಲ್ಲಿ ತೊಡಗಿದ್ದಾಗ ಅಪಘಾತಕ್ಕೆ ಸಿಕ್ಕರು, ಕಾಲು ಕಳೆದುಕೊಂಡರು. ಮೂಳೆ ಶಸ್ತ್ರವೈದ್ಯ ವರ್ನ್ ಇನ್‌ಮನ್ ಜೊತೆಯಾದರು. ಯುದ್ಧದಿಂದ ಮರಳಿದ ಸಾವಿರಾರು ಸೈನಿಕರಿಗೆ ಒಳ್ಳೆಯ ಕೃತಕ ಕಾಲು ಬೇಕಿತ್ತು. ಸಹಜ ನಡಿಗೆ ತಿಳಿಯದೆ ಅದನ್ನು ಮಾಡುವುದು ಹೇಗೆ? ಬರ್ಕ್ಲಿಯಲ್ಲಿ ಅವರ ತಂಡ ಸ್ವಯಂಸೇವಕರ ಮೂಳೆಗೇ ಉಕ್ಕಿನ ಮೊಳೆ ಇಳಿಸಿ ಮೂಳೆಗಳು ತಿರುಗುವ ಪರಿಯನ್ನು ಅಳೆಯಿತು. ಸ್ನಾಯುಗಳ ವಿದ್ಯುತ್ ಸದ್ದನ್ನೂ ದಾಖಲಿಸಿತು. ಕಾಲು ಬೀಸುವಾಗ ಆರಂಭದಲ್ಲಿ ಸದ್ದಿತ್ತು, ಕೊನೆಯಲ್ಲಿ ಸದ್ದಿತ್ತು. ನಡುವೆ ತೊಡೆಯ ಸ್ನಾಯುಗಳು ಹೆಚ್ಚುಕಡಿಮೆ ಮೌನವಾಗಿದ್ದವು.

ಆ ಮೌನಕ್ಕೆ ದನಿ ಕೊಟ್ಟದ್ದು ಕೆನಡಾದ ಒಂದು ಯಂತ್ರ. ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಟ್ಯಾಡ್ ಮೆಕ್‌ಗೀರ್ ವಿಮಾನ ಎಂಜಿನಿಯರು. ರೈಟ್ ಸೋದರರು ಮೊದಲು ಎಂಜಿನ್ ಇಲ್ಲದೆ ತೇಲುವುದನ್ನು ಕಲಿತು ಆಮೇಲೆ ಎಂಜಿನ್ ಇಟ್ಟರಲ್ಲ, ನಡಿಗೆಯಲ್ಲೂ ಹಾಗೇಕಾಗಬಾರದು ಎಂದು ಅವರು ಯೋಚಿಸಿದರು. ಮೋಟಾರಿಲ್ಲ, ಮಿದುಳಿಲ್ಲ, ಬರಿ ಕಾಲುಗಳು. ತುಸು ಇಳಿಜಾರಿನ ಹಲಗೆಯ ಮೇಲೆ ಬಿಟ್ಟರೆ ಅದು ತಾನಾಗಿ ಹೆಜ್ಜೆ ಹಾಕಿತು. 1990ರಲ್ಲಿ ಆ ವರದಿ ಪ್ರಕಟವಾದಾಗ ವೇಬರ್ ಸೋದರರ ಅರ್ಧ ಸತ್ಯ ಮತ್ತೆ ತಲೆಯೆತ್ತಿತು.

ಹಾಗಾದರೆ ನಾವು ನಡೆಯುವುದು ಹೀಗೆ: ಊರಿದ ಕಾಲು ಗಳುವಾಗುತ್ತದೆ, ದೇಹ ಅದರ ಮೇಲಿಂದ ಕಮಾನಿನಂತೆ ದಾಟುತ್ತದೆ. ಏರುವಾಗ ವೇಗ ಎತ್ತರವಾಗಿ, ಇಳಿಯುವಾಗ ಎತ್ತರ ವೇಗವಾಗಿ ಮರಳುವುದರಿಂದ ಶಕ್ತಿಯ ದೊಡ್ಡ ಪಾಲು ಉಳಿಯುತ್ತದೆ. ಹಿಂದಿನ ಕಾಲಿನ ಮೀನಖಂಡ ನೆಲವನ್ನು ತಳ್ಳುತ್ತದೆ, ಸೊಂಟದ ಸ್ನಾಯುಗಳು ಉಯ್ಯಾಲೆಗೆ ಕೊಡುವಂಥ ಒಂದು ನೂಕು ಕೊಡುತ್ತವೆ. ಆಮೇಲೆ ಕಾಲು ಬಹುಪಾಲು ತನ್ನ ಓಟದಲ್ಲೇ ಮುಂದೆ ಬರುತ್ತದೆ, ಮಂಡಿ ತಾನೇ ಮಡಚಿ ಬಿಚ್ಚಿಕೊಳ್ಳುತ್ತದೆ, ಕೊನೆಯಲ್ಲಿ ತೊಡೆಯ ಹಿಂಭಾಗದ ಸ್ನಾಯು ತಡೆ ಹಾಕುತ್ತದೆ. ಬೀಸಿನ ನಡುವೆ ಹೆಬ್ಬೆರಳು ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲಷ್ಟೇ ಸಾಗುತ್ತದೆ. ಅದನ್ನು ಎತ್ತಿ ಹಿಡಿಯುವುದು ಕಣಕಾಲಿನ ಮುಂಭಾಗದ ಸ್ನಾಯು. ಅದು ಸೋತರೆ ಪಾದ ಜೋತುಬಿದ್ದು ಬೆರಳು ನೆಲಕ್ಕೆ ಎಡವುತ್ತದೆ.