ಗಾಡಿಯ ಮುಂದೆ ನಿಂತು ತಿನ್ನುವ ಮುನ್ನ

ಮಕ್ಕಳನ್ನು ಶಾಲೆಗೆ ಸೇರಿಸುವಾಗ ತುಂಬುವ ಅರ್ಜಿಯನ್ನು ನೀವು ನೋಡಿರುತ್ತೀರಿ. ತಂದೆಯ ಉದ್ಯೋಗ, ತಾಯಿಯ ಉದ್ಯೋಗ ಎಂದು ಅದರಲ್ಲಿ ಎರಡು ಸಾಲುಗಳಿರುತ್ತವೆ. ಶಿಕ್ಷಕನಾಗಿ ಇಂತಹ ನೂರಾರು ಅರ್ಜಿಗಳನ್ನು ನಾನು ಪರಿಶೀಲಿಸಿದ್ದೇನೆ. ಆದರೆ ‘ಗೃಹಿಣಿ’ ಎಂಬ ಒಂದು ಪದದ ಹಿಂದೆ ಎಷ್ಟು ದುಡಿಮೆ ಅಡಗಿರಬಹುದು ಎಂಬುದು ಆ ಕಾಗದದಿಂದ ತಿಳಿಯುವುದಿಲ್ಲ. ನನಗೆ ಅದು ತಿಳಿದದ್ದು ಹೊಸದುರ್ಗದಲ್ಲಿ, ಒಂದು ಸಂಜೆ, ಒಂದು ಮಂಡಕ್ಕಿ ಗಾಡಿಯ ಮುಂದೆ.

ಕೆಲವು ವರ್ಷಗಳ ಹಿಂದಿನ ಮಾತು. ಏಳನೆಯ ತರಗತಿಯ ಇಬ್ಬರು ಮಕ್ಕಳು ಹೊಟ್ಟೆನೋವೆಂದು ಒಂದೇ ದಿನ ಮನೆಗೆ ಹೋದರು. ಹಿಂದಿನ ಸಂಜೆ ಎಲ್ಲಿಯೋ ಗಾಡಿಯಲ್ಲಿ ತಿಂದಿದ್ದರಂತೆ. ನನಗೆ ಸಿಟ್ಟು ಬಂತು. ತರಗತಿಯಲ್ಲಿ ನಿಂತು, “ಗಾಡಿಯಲ್ಲಿ ತಿನ್ನುವವರು ದುಡ್ಡು ಕೊಟ್ಟು ಕಾಯಿಲೆ ತರುತ್ತಾರೆ. ಅದೆಲ್ಲ ಗಲೀಜು. ಒಳ್ಳೆಯ ಮನೆಯ ಮಕ್ಕಳು ಅಲ್ಲಿ ನಿಲ್ಲುವುದಿಲ್ಲ” ಎಂದುಬಿಟ್ಟೆ. ಮಕ್ಕಳು ತಲೆಯಾಡಿಸಿದರು. ಎರಡನೆಯ ಬೆಂಚಿನ ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿ ಕುಳಿತಿದ್ದ. ಅವನೂ ತಿಂದಿರಬೇಕು ಎಂದು ನಾನು ಭಾವಿಸಿದೆ.

ನಾಲ್ಕು ದಿನಗಳ ನಂತರ ಅಸರ್ ನಮಾಝ್ ಮುಗಿಸಿ ಬಸ್ ನಿಲ್ದಾಣದ ಕಡೆ ಹೋಗುತ್ತಿದ್ದೆ. ಒಂದು ತಳ್ಳುಗಾಡಿಯ ಹಿಂದಿನಿಂದ ಪರಿಚಿತ ಮುಖವೊಂದು ಇಣುಕಿ, ನನ್ನನ್ನು ಕಂಡೊಡನೆ ಕೆಳಗೆ ಕುಳಿತುಕೊಂಡಿತು. ಅದೇ ಹುಡುಗ! ಬಾಣಲೆಯ ಮುಂದೆ ತಲೆಗೆ ಸೆರಗು ಹೊದ್ದು ನಿಂತಿದ್ದವರು ಅವನ ತಾಯಿ. ಅರ್ಜಿಯಲ್ಲಿ ‘ಗೃಹಿಣಿ’ ಎಂದು ಬರೆಸಲಾಗಿದ್ದವರು.

ನಾನು ಅಲ್ಲಿಂದ ಹಾಗೆಯೇ ಹೋಗಿಬಿಡಬಹುದಿತ್ತು. ಕಾಲು ಬರಲಿಲ್ಲ. ಗಾಡಿಯ ಬಳಿ ಹೋಗಿ ಸಲಾಮ್ ಹೇಳಿ, “ಒಂದು ಪ್ಲೇಟ್ ಮಂಡಕ್ಕಿ ಕೊಡಿ ಆಪಾ, ಎರಡು ಮಿರ್ಚಿ” ಎಂದೆ. ಆಕೆ ಒಂದು ಕ್ಷಣ ನನ್ನನ್ನು ನೋಡಿದರು. ನಂತರ ಹೇಳಿದರು: “ಸರ್, ನೀವು ಪಾಠದಲ್ಲಿ ಹೇಳಿದ್ದನ್ನು ಇವನು ಮನೆಗೆ ಬಂದು ಹೇಳಿದ. ಎರಡು ದಿನ ಗಾಡಿ ಹತ್ತಿರ ಬರಲೇ ಇಲ್ಲ. ನನಗೂ ಅನಿಸಿತು, ಮಕ್ಕಳು ತಿನ್ನೋದಲ್ವಾ ಅಂತ. ಅವತ್ತಿನಿಂದ ನೀರು ಕುದಿಸಿ ತರ್ತಾ ಇದ್ದೀನಿ. ಎಣ್ಣೆ ನೋಡಿ, ಇವತ್ತಿಂದೇ.”

ಪ್ರಿಯ ಓದುಗರೇ, ನನ್ನ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅರ್ಧ ಅಹಂಕಾರವಿತ್ತು. ಆ ತಾಯಿ ಸತ್ಯವನ್ನು ಮಾತ್ರ ಆರಿಸಿಕೊಂಡು ಅಹಂಕಾರವನ್ನು ನನಗೇ ಬಿಟ್ಟಿದ್ದರು.

ನಾಲ್ಕು ಊರು, ಒಂದೇ ಬಾಣಲೆ

ನೌಕರಿಯ ನಿಮಿತ್ತ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕೂ ಊರುಗಳ ಋಣ ನನ್ನ ಮೇಲಿದೆ. ನಾಲ್ಕು ಕಡೆಯೂ ಸಂಜೆಯಾದರೆ ಬಾಣಲೆ ಕಾಯುವ ವಾಸನೆ ಒಂದೇ. ಮಂಡಕ್ಕಿ ನಮ್ಮ ಬಯಲುಸೀಮೆಯ ಬಡವನ ಊಟ. ಬೇಯಿಸಿ ಒಣಗಿಸಿದ ಭತ್ತದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದರೆ ಅದು ಅರಳಿ ಮಂಡಕ್ಕಿಯಾಗುತ್ತದೆ. ಇದರ ದೊಡ್ಡ ಭಟ್ಟಿಗಳಿರುವ ದಾವಣಗೆರೆ 1997ರವರೆಗೆ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇತ್ತು. ಜಿಲ್ಲೆ ಬೇರೆಯಾದರೂ ಮಂಡಕ್ಕಿಯ ಸಂಬಂಧ ಕಡಿಯಲಿಲ್ಲ. ನಮ್ಮದೇ ಜಿಲ್ಲೆಯ ಈರುಳ್ಳಿ, ನಮ್ಮದೇ ಶೇಂಗಾ, ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲಿಯೇ. ಒಂದು ಪ್ಲೇಟ್ ಖಾರ ಮಂಡಕ್ಕಿಯಲ್ಲಿ ಎಷ್ಟು ಜನ ರೈತರ, ಕೂಲಿಗಳ ಬೆವರು ಸೇರಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಹಿರಿಯೂರಿನಲ್ಲಿ ಬೆಂಗಳೂರು-ಪುಣೆ ಹೆದ್ದಾರಿ ಇರುವುದರಿಂದ ಗಾಡಿಗಳಿಗೆ ರಾತ್ರಿಯೇ ಹಗಲು. ಲಾರಿ ಚಾಲಕರು ಎಗ್ ರೈಸ್, ಚಿತ್ರಾನ್ನ ತಿಂದು ಮುಂದೆ ಹೋಗುತ್ತಾರೆ. ಹೊಳಲ್ಕೆರೆಯಲ್ಲಿ ಅಡಿಕೆ, ತೆಂಗಿನ ಕೆಲಸಕ್ಕೆ ಬಂದವರು ಬಸ್ಸು ಹತ್ತುವ ಮುನ್ನ ಬಿಸಿ ಮಿರ್ಚಿ ಕಟ್ಟಿಸಿಕೊಳ್ಳುತ್ತಾರೆ. ಚಿತ್ರದುರ್ಗದಲ್ಲಿ ಕೋಟೆ ನೋಡಿ ಇಳಿದ ಪ್ರವಾಸಿಗರಿಗೂ, ಕಾಲೇಜು ಬಿಟ್ಟ ಹುಡುಗರಿಗೂ ಗಾಡಿಯೇ ಹೋಟೆಲು. ಈಗ ತಳ್ಳುಗಾಡಿಯ ಜೊತೆಗೆ ಸಣ್ಣ ಸರಕು ವಾಹನಗಳ ಹಿಂಭಾಗವನ್ನೇ ಅಡುಗೆಮನೆ ಮಾಡಿಕೊಂಡ ಸಂಚಾರಿ ಕ್ಯಾಂಟೀನ್‌ಗಳೂ ಬಂದಿವೆ. ಗೋಬಿ, ಕಬಾಬ್, ಷವರ್ಮಾ ಎಲ್ಲವೂ ಅಲ್ಲಿ ಸಿಗುತ್ತವೆ.

ಮೆಣಸಿನಕಾಯಿಯ ತವರು

ಮೆಣಸಿನಕಾಯಿಯ ಊರು ಯಾವುದು ಎಂದು ಮಕ್ಕಳನ್ನು ಕೇಳಿದರೆ ಬ್ಯಾಡಗಿ ಎನ್ನುತ್ತಾರೆ. ನಿಜವಾಗಿ ಅದರ ತವರು ಮೆಕ್ಸಿಕೊ ಮತ್ತು ಅದರ ಸುತ್ತಲಿನ ಅಮೆರಿಕದ ನೆಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಕರಾವಳಿಗೆ ಬಂತು. ಹೊಳಲ್ಕೆರೆಯ ಹೊಲಗಳಲ್ಲಿ ನಿಂತಿರುವ ಮೆಕ್ಕೆಜೋಳವೂ ಮೆಕ್ಸಿಕೊದ್ದೇ. ನಾವು ಜೋಳದ ರೊಟ್ಟಿ ತಟ್ಟುವಂತೆ ಅಲ್ಲಿನ ತಾಯಂದಿರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ‘ಟೋರ್ಟಿಯಾ’ ಎಂಬ ತೆಳುವಾದ ರೊಟ್ಟಿ ಮಾಡುತ್ತಾರೆ. ಅದರಲ್ಲಿ ಮಾಂಸವನ್ನೋ ಕಾಳನ್ನೋ ಇಟ್ಟು ಮಡಚಿದರೆ ಅದೇ ‘ಟ್ಯಾಕೋ’.

ಟ್ಯಾಕೋದ ಕಥೆಯಲ್ಲಿ ನಮಗೆ ಪರಿಚಿತವಾದ ಒಂದು ತಿರುವಿದೆ. ಕಳೆದ ಶತಮಾನದ ಆರಂಭದಲ್ಲಿ ಲೆಬನಾನ್, ಇರಾಕ್ ಕಡೆಯಿಂದ ವಲಸೆ ಹೋದವರು ಮೆಕ್ಸಿಕೊದ ಪುಎಬ್ಲಾ ನಗರದಲ್ಲಿ ನಿಲುವಾದ ಕಂಬಿಗೆ ಮಾಂಸ ಚುಚ್ಚಿ ಸುಡುವ ಷವರ್ಮಾ ಪದ್ಧತಿಯನ್ನು ಪರಿಚಯಿಸಿದರು. ಅದಕ್ಕೆ ಅಲ್ಲಿ ‘ಅರಬ್ಬರ ಟ್ಯಾಕೋ’ ಎಂದೇ ಹೆಸರಾಯಿತು. ಅದರಿಂದ ಮುಂದೆ ಹುಟ್ಟಿದ ಟ್ಯಾಕೋವನ್ನು ಇಂದು ಸಾಮಾನ್ಯವಾಗಿ ಹಂದಿಯ ಮಾಂಸದಿಂದ ಮಾಡುತ್ತಾರೆ. ಆದ್ದರಿಂದ ಮುಸ್ಲಿಮನು ಅಲ್ಲಿ ವಿಚಾರಿಸಿಯೇ ತಿನ್ನಬೇಕು.

ಮೆಕ್ಸಿಕೊದಿಂದ ಅಮೆರಿಕಕ್ಕೆ ದುಡಿಯಲು ಹೋದವರು ಈ ತಿಂಡಿಯನ್ನು ಗಾಡಿಗೇರಿಸಿದರು. ಲಾಸ್ ಏಂಜಲೀಸ್‌ನಲ್ಲಿ 1974ರಲ್ಲಿ ಒಬ್ಬ ಮೆಕ್ಸಿಕನ್ ವಲಸಿಗರು ಹಳೆಯ ಐಸ್‌ಕ್ರೀಂ ವಾಹನವೊಂದನ್ನು ಟ್ಯಾಕೋ ಗಾಡಿಯಾಗಿ ಮಾರ್ಪಡಿಸಿದರು. ಇಂತಹ ಗಾಡಿಗಳು ಹೆಚ್ಚಿದಂತೆ ಹೋಟೆಲಿನವರಿಂದ ದೂರುಗಳೂ ಹೆಚ್ಚಿದವು. 2008ರಲ್ಲಿ ಅಲ್ಲಿನ ಆಡಳಿತ, ಒಂದೇ ಜಾಗದಲ್ಲಿ ಒಂದು ಗಂಟೆಗಿಂತ ಹೆಚ್ಚು ನಿಲ್ಲುವ ಗಾಡಿಯವರಿಗೆ ಸಾವಿರ ಡಾಲರ್‌ವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂಬ ನಿಯಮ ತಂದಿತು. ಅದೇ ವರ್ಷ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಎಲ್ಲೆಡೆಯೂ ಗಾಡಿಯವನ ಪಾಡು ಒಂದೇ ಅಲ್ಲವೇ?

2017ರ ರಮಝಾನ್‌ನಲ್ಲಿ ಅದೇ ಪ್ರದೇಶದಲ್ಲಿ ಒಂದು ಸುಂದರ ಪ್ರಯತ್ನ ನಡೆಯಿತು. ಮುಸ್ಲಿಮರು ಮತ್ತು ಮೆಕ್ಸಿಕನ್ ಮೂಲದವರು ಇಬ್ಬರನ್ನೂ ಅನುಮಾನದಿಂದ ನೋಡುವ ಮಾತುಗಳು ಅಮೆರಿಕದಲ್ಲಿ ಜೋರಾಗಿದ್ದ ಕಾಲವದು. ‘ಪ್ರತಿ ಮಸೀದಿಗೊಂದು ಟ್ಯಾಕೋ ಗಾಡಿ’ ಎಂಬ ಹೆಸರಿನಲ್ಲಿ ಮಸೀದಿಗಳ ಬಳಿ ಗಾಡಿಗಳನ್ನು ನಿಲ್ಲಿಸಿ, ಹಲಾಲ್ ಮಾಂಸದ ಟ್ಯಾಕೋವನ್ನು ಇಫ್ತಾರ್‌ಗೆ ಬಡಿಸಿದರು. ನೆರೆಹೊರೆಯ ಮೆಕ್ಸಿಕನ್ ಕುಟುಂಬಗಳು ಬಂದು ಜೊತೆಗೆ ತಿಂದವು. ಭಾಷಣದಿಂದ ಆಗದ ಕೆಲಸ ಕೆಲವೊಮ್ಮೆ ಒಂದು ಪ್ಲೇಟ್ ತಿಂಡಿಯಿಂದ ಆಗುತ್ತದೆ.

ಕಣ್ಣು ತೆರೆದು ತಿನ್ನಿ

ಹಾಗೆಂದು ನಾನು ಅಂದು ಹೇಳಿದ ಅರ್ಧ ಸತ್ಯವನ್ನು ಮರೆಯಬೇಕಾಗಿಲ್ಲ. ಶುಚಿತ್ವ ನಮಗೆ ಈಮಾನಿನ ಭಾಗ. ಗಾಡಿಯ ಮುಂದೆ ನಿಂತಾಗ ನಾಲ್ಕು ವಿಷಯಗಳನ್ನು ಗಮನಿಸಿ.

ಮೊದಲನೆಯದು ಬಣ್ಣ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ರೋಡಮೈನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣದ ನಿಷೇಧ ಬಂತು. ತಪ್ಪಿದರೆ ಜೈಲು ಮತ್ತು ದಂಡ ವಿಧಿಸಬಹುದು. ಆದರೆ ಕೆಂಪಗಿಲ್ಲದ ಕಬಾಬನ್ನು ನಾವೇ ಬೇಡವೆಂದರೆ ವ್ಯಾಪಾರಿ ಏನು ಮಾಡಬೇಕು? ಬಣ್ಣವನ್ನು ಬಾಣಲೆಗೆ ಹಾಕಿಸುವುದರಲ್ಲಿ ಗಿರಾಕಿಯ ಪಾಲೂ ಇದೆ.

ಎರಡನೆಯದು ಎಣ್ಣೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕೆಟ್ಟು ಅದರಲ್ಲಿ ಹಾನಿಕರ ಅಂಶಗಳು ಸೇರುತ್ತವೆ. ಇವು ಶೇಕಡಾ 25ನ್ನು ಮೀರಬಾರದೆಂಬ ನಿಯಮ 2018ರ ಜುಲೈನಿಂದ ಇದೆ. ಅಳೆಯುವ ಯಂತ್ರ ನಮ್ಮ ಬಳಿ ಇಲ್ಲ, ಕಣ್ಣು-ಮೂಗು ಇವೆ. ಎಣ್ಣೆ ಕಪ್ಪಾಗಿದ್ದರೆ, ನೊರೆಯುತ್ತಿದ್ದರೆ, ಕಟು ಹೊಗೆ ಬರುತ್ತಿದ್ದರೆ ಮುಂದಿನ ಗಾಡಿಗೆ ಹೋಗಿ.

ಮೂರನೆಯದು ಕಾಗದ. ಪತ್ರಿಕೆಯ ಶಾಯಿಯಲ್ಲಿ ಸೀಸದಂತಹ ಲೋಹಗಳಿರಬಹುದು. ಬಿಸಿ ಮಿರ್ಚಿಯ ಎಣ್ಣೆ ಅದನ್ನು ಹೀರಿಕೊಳ್ಳುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿಯೂ ಈ ಬಗ್ಗೆ ಎಚ್ಚರಿಸಿತ್ತು. ಮನೆಯಿಂದ ಒಂದು ಸ್ಟೀಲ್ ಡಬ್ಬಿ ಒಯ್ಯುವುದು ಕಷ್ಟವೇನಲ್ಲ.

ನಾಲ್ಕನೆಯದು ನೀರು ಮತ್ತು ಕೈ. ಎಣ್ಣೆಯಲ್ಲಿ ಈಗತಾನೇ ಬೆಂದದ್ದಕ್ಕಿಂತ ಹಸಿ ಚಟ್ನಿ, ಹೆಚ್ಚಿಟ್ಟ ಈರುಳ್ಳಿ, ಕುಡಿಯುವ ನೀರಿನಿಂದಲೇ ಹೊಟ್ಟೆ ಕೆಡುವ ಸಂಭವ ಹೆಚ್ಚು.

ಮಾಂಸದ ವಿಷಯದಲ್ಲಿ ಹಲಾಲ್ ಹೌದೇ ಎಂದು ಮೃದುವಾಗಿ ವಿಚಾರಿಸಿ. ಆದರೆ ಮಂಡಕ್ಕಿಗೆ, ಮಿರ್ಚಿಗೆ, ಮೆಕ್ಕೆಜೋಳದ ತೆನೆಗೆ ಮಾರುವವನ ಹೆಸರು ಕೇಳಬೇಕಾಗಿಲ್ಲ. 2022ರಲ್ಲಿ ನಮ್ಮ ರಾಜ್ಯದ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗವಿಲ್ಲವೆಂಬ ಫಲಕಗಳು ಕಂಡಾಗ ನಮಗೆ ನೋವಾಗಿತ್ತು. ಆ ನೋವನ್ನು ಉಂಡವರು ಇನ್ನೊಬ್ಬರ ಗಾಡಿಯ ಮುಂದೆ ಅದೇ ತಪ್ಪು ಮಾಡಬಾರದು.

ಮಾರುವವರಿಗೂ ಒಂದು ಮಾತು

ಪ್ರವಾದಿ(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳು ಒದ್ದೆಯಾಯಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಕೇಳಿದ ಪ್ರವಾದಿಯವರು, ವಂಚಿಸುವವನು ತನ್ನವನಲ್ಲ ಎಂದು ಎಚ್ಚರಿಸಿದರು. ನಿನ್ನೆಯ ಎಣ್ಣೆಯನ್ನು ಇಂದಿನದೆಂದು ಹೇಳುವವನಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಕೈಯಾರೆ ದುಡಿದು ತಿನ್ನುವುದಕ್ಕಿಂತ ಉತ್ತಮ ಅನ್ನವಿಲ್ಲ ಎಂದವರೂ ಅವರೇ.

ಗಾಡಿಯವರಿಗೆ ಕಾನೂನಿನ ಬಲವೂ ಇದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಿ ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡಬೇಕು. ಅದು ಮುಗಿಯುವವರೆಗೆ ಎತ್ತಂಗಡಿ ಮಾಡುವಂತಿಲ್ಲ. ಸ್ಥಳಾಂತರಿಸುವುದಾದರೆ 30 ದಿನಗಳ ಮುನ್ನ ತಿಳಿಸಬೇಕು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ಸ್ಥಾನ ವ್ಯಾಪಾರಿಗಳಿಗೇ ಮೀಸಲು, ಅದರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿಗೆ. ಕೊರೋನಾ ಕಾಲದಲ್ಲಿ, 2020ರ ಜೂನ್‌ನಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಆಧಾರವಿಡದೆ ಮೊದಲು 10,000 ರೂಪಾಯಿ ಸಾಲ ಕೊಡಲಾಗುತ್ತಿತ್ತು. 2025ರಲ್ಲಿ ಅದನ್ನು 15,000ಕ್ಕೆ ಏರಿಸಲಾಯಿತು. ಇದು ಬ್ಯಾಂಕಿನ ಸಾಲವಾದ್ದರಿಂದ ಬಡ್ಡಿಯ ಪ್ರಶ್ನೆ ನಮ್ಮವರಲ್ಲಿ ಏಳುತ್ತದೆ. ಆ ಪ್ರಶ್ನೆ ಎತ್ತುವ ನಾವು ಬಡ್ಡಿಯಿಲ್ಲದ ಕೈಸಾಲ ಕೊಡಲು ಮೊಹಲ್ಲಾದಲ್ಲಿ ಎಷ್ಟು ಮಂದಿ ಮುಂದೆ ಬಂದಿದ್ದೇವೆ? ಬೆಳಿಗ್ಗೆ ಸಾವಿರ ಕೊಟ್ಟು ಸಂಜೆ ಹೆಚ್ಚಿಸಿ ಕಿತ್ತುಕೊಳ್ಳುವವರ ಕೈಗೆ ಗಾಡಿಯವರನ್ನು ಒಪ್ಪಿಸಿ ಸುಮ್ಮನಿರುವುದು ಸರಿಯೇ?

ಮುಂದಿನ ವರ್ಷ

ಅಂದು ನಾನು ಮಂಡಕ್ಕಿ ತಿಂದು ದುಡ್ಡು ಕೊಡಲು ಹೋದಾಗ ಆ ತಾಯಿ, “ಮೇಷ್ಟ್ರ ಹತ್ತಿರ ದುಡ್ಡು ತಗೊಳ್ಳೋದಾ?” ಎಂದರು. ನಾನು ಬಿಡಲಿಲ್ಲ. ಗಾಡಿಯವರ ಬಳಿ ಪುಕ್ಕಟೆ ತಿನ್ನುವವರು ಬೇಕಾದಷ್ಟಿದ್ದಾರೆ. ಆ ಸಾಲಿನಲ್ಲಿ ಶಿಕ್ಷಕನೂ ಸೇರಬಾರದು. ಅವರ ಪತಿ ಲಾರಿಯಲ್ಲಿ ದುಡಿಯುತ್ತಿದ್ದರಂತೆ. ಅಪಘಾತದಲ್ಲಿ ಕಾಲು ಹೋದ ಮೇಲೆ ಬಾಣಲೆ ಇವರ ಕೈಗೆ ಬಂತು. ಹೆಣ್ಣುಮಗಳು ಬೀದಿಯಲ್ಲಿ ನಿಲ್ಲುವುದೇ ಎಂದು ಕೇಳಿದವರಿದ್ದರು. ಮನೆಗೆ ಅಕ್ಕಿ ತಂದುಕೊಟ್ಟವರು ಮಾತ್ರ ಅವರಲ್ಲಿ ಯಾರೂ ಇರಲಿಲ್ಲ.

ಮರುದಿನ ತರಗತಿಯಲ್ಲಿ, ಮೊನ್ನೆ ನಾನು ಹೇಳಿದ್ದರಲ್ಲಿ ತಪ್ಪಿದೆ ಎಂದೆ. ಎಲ್ಲಿಯಾದರೂ ಸರಿ, ಶುಚಿಯಾಗಿದ್ದರೆ ತಿನ್ನಿ, ಇಲ್ಲದಿದ್ದರೆ ಬಿಡಿ. ಆದರೆ ದುಡಿಯುವವರ ಮನೆ ಒಳ್ಳೆಯ ಮನೆಯೇ ಎಂದೆ. ಯಾರ ಹೆಸರನ್ನೂ ಹೇಳಲಿಲ್ಲ. ಎರಡನೆಯ ಬೆಂಚಿನ ತಲೆ ಈ ಬಾರಿ ಮೇಲಿತ್ತು.

ಶಾಲೆ ಬಿಟ್ಟ ಮೇಲೆ ಅವನನ್ನು ಕರೆದು, ಅರ್ಜಿಯಲ್ಲಿ ತಾಯಿಯ ಉದ್ಯೋಗವನ್ನು ತಿದ್ದೋಣವೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. “ಮುಂದಿನ ವರ್ಷ ಬರೀತೀನಿ ಸರ್” ಎಂದು ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ ನಿಲ್ದಾಣದ ಕಡೆ ಓಡಿದ. ಅಮ್ಮಿಗೆ ಈರುಳ್ಳಿ ಹೆಚ್ಚಿಕೊಡುವ ಹೊತ್ತಾಗಿತ್ತು.

ನಾನು ಒತ್ತಾಯಿಸಲಿಲ್ಲ. ಅವನ ನಾಚಿಕೆಯನ್ನು ಹುಟ್ಟಿಸಿದವರಲ್ಲಿ ನಾನೂ ಒಬ್ಬ. ಅದನ್ನು ಕಳೆಯುವ ಹೊಣೆ ಅವನೊಬ್ಬನದಲ್ಲ, ಗಾಡಿಯ ಈಚೆ ನಿಂತು ತಿನ್ನುವ ನಮ್ಮೆಲ್ಲರದು. ಇಂದು ಸಂಜೆ ನಿಮ್ಮೂರಿನ ಗಾಡಿಯ ಮುಂದೆ ನಿಂತಾಗ ಎಣ್ಣೆಯನ್ನೊಮ್ಮೆ ನೋಡಿ. ನಂತರ ಸೌಟು ಹಿಡಿದವರ ಮುಖವನ್ನೂ ನೋಡಿ, ಸಲಾಮ್ ಅಥವಾ ನಮಸ್ಕಾರ ಹೇಳಿ, ಕೇಳಿದಷ್ಟು ದುಡ್ಡು ಕೊಡಿ. ಗಾಡಿಯ ಹಿಂದೆ ಯಾವುದಾದರೂ ಮಗು ಅಡಗಿ ಕುಳಿತಿರಬಹುದು.