ಅವ್ವ ಕೂರಲಾಗದ ಗಾಡಿ

ಇವತ್ತು ಸರ್ಕಾರ ಬೀಳುತ್ತಾ, ಉಳಿಯುತ್ತಾ ಅನ್ನೋ ಚರ್ಚೆ ಬೇಡ. ಇವತ್ತು ಒಂದು ಬೈಕಿನ ಹಿಂದಿನ ಸೀಟಿನ ಬಗ್ಗೆ ಮಾತಾಡ್ತೀನಿ. ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಕ್ಕರೆ ಬೇಜಾರಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ನೀರಿನ ಗೋಳಿನ ಬಗ್ಗೆ ವರದಿ ಮಾಡೋದಕ್ಕೆ ಮಾನ್ವಿ ಕಡೆ ಹೋಗಿದ್ದೆ. ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಪೋತ್ನಾಳ ಸಿಗುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನುತ್ತಾ ನಿಂತಿದ್ದೆ. ಪಕ್ಕದಲ್ಲೇ ಒಂದು ಗ್ಯಾರೇಜು. ಗ್ಯಾರೇಜಿನ ಮುಂದೆ ಹೊಸ ಬೈಕು, ಫಳಫಳ ಹೊಳೀತಿತ್ತು. ಅದರ ಮಾಲೀಕ ಇಪ್ಪತ್ತರ ಹುಡುಗ, ಮಾನ್ವಿಯಲ್ಲಿ ಡಿಗ್ರಿ ಓದುತ್ತಿದ್ದಾನೆ.

"ಹೆಂಗೈತಪ್ಪಾ ಗಾಡಿ?" ಅಂದೆ.

"ಗಾಡಿ ಚೊಲೋ ಐತ್ರಿ ಸರ್. ಆದ್ರ ನಮ್ಮವ್ವ ಕುಂದ್ರಂಗಿಲ್ರಿ."

ಯಾಕೆ? ಹಿಂದಿನ ಸೀಟು ಎದೆಮಟ್ಟ ಮೇಲೆ. ಹಿಡಿಯೋದಕ್ಕೆ ಸರಿಯಾದ ಹಿಡಿಕೆ ಇಲ್ಲ. ಸೀರೆ ಉಟ್ಟ ಹೆಣ್ಣುಮಗಳು ಒಂದೇ ಕಡೆ ಕಾಲು ಇಳಿಬಿಟ್ಟು ಅಲ್ಲಿ ಕೂತರೆ ಮೊದಲ ಹಂಪ್‌ಗೇ ಜಾರಬೇಕು. ಅವ್ವನಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಮಾನ್ವಿ ಆಸ್ಪತ್ರೆಗೆ ಹೋಗಬೇಕು. ಮನೆ ಮುಂದೆ ಲಕ್ಷ ರೂಪಾಯಿ ದಾಟಿದ ಗಾಡಿ ನಿಂತಿದೆ, ಅವ್ವ ಮಾತ್ರ ಬಸ್ಸಿಗೆ ಕಾಯುತ್ತಾಳೆ!

ಗ್ಯಾರೇಜಿನ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಒಂದು ಮಾತು ಸೇರಿಸಿದ. "ಸರ್, ಹೊಸಾ ಗಾಡಿ ತಂದ ಹುಡುಗ್ರು ಮೊದಲು ಬಿಚ್ಚಸೂದು ಸೀರಿ ಗಾರ್ಡ್ ರೀ. ಅದು ಇದ್ರ ಮುದುಕರ ಗಾಡಿ ಕಂಡಂಗ ಕಾಣ್ತೈತಂತ."

ಈ ಎರಡು ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಹೊಸ ತಲೆಮಾರನ್ನು ಸೆಳೆಯೋದು ಹೇಗೆ? ಬೈಕ್ ಕಂಪನಿಗಳಿಗೆ ಇವತ್ತಿರುವ ದೊಡ್ಡ ಪ್ರಶ್ನೆ ಇದು. ಇದಕ್ಕೆ ಅವರು ಕೊಟ್ಟುಕೊಂಡಿರುವ ಉತ್ತರ ಏನು? ಚೂಪು ಮೂತಿ, ಎತ್ತರದ ಸೀಟು, ಮೊಬೈಲಿಗೆ ಜೋಡಿಸುವ ಮೀಟರು, ಜಾಹೀರಾತಿನಲ್ಲಿ ಗಾಳಿಯಲ್ಲಿ ಹಾರುವ ಹೀರೋ. ಇದು ಅರ್ಧ ಉತ್ತರ ಅಂತ ನಾನು ಹೇಳ್ತೀನಿ. ಉಳಿದರ್ಧ ಪೋತ್ನಾಳದಲ್ಲಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಮೈಸೂರನ್ನೇ ತಗೊಳ್ಳಿ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಶುರುವಾಯಿತು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಅಲ್ಲಿಂದ ಬಂದ ಜಾವಾ, 1973ರಿಂದ ಯೆಜ್ಡಿ, ಒಂದು ಕಾಲದ ಹುಡುಗರ ಎದೆ ಬಡಿತ. ಎರಡು ಸೈಲೆನ್ಸರ್, ಆ ಸದ್ದು! ಆದರೆ 1985ರ ಹೊತ್ತಿಗೆ ಗಾಳಿ ಬದಲಾಯಿತು. ಹೀರೊ ಹೋಂಡಾ ಸಿಡಿ 100 ಬಂತು. ಪೆಟ್ರೋಲ್ ಹಾಕಿಸಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಅಂತ ಅದರ ಜಾಹೀರಾತೇ ಹೇಳಿತು. ಅದೇ ವರ್ಷ ಯಮಾಹಾ ಆರ್‌ಎಕ್ಸ್ 100 ಕೂಡ ಬಂತು. ಹಗುರ ಗಾಡಿ, ಚಿಗರೆ ಹಾಗೆ ಓಡೋದು. ದುಡ್ಡು ನೋಡುವವನು ಸಿಡಿ 100 ಹತ್ತಿದ, ಜೋಶ್ ನೋಡುವವನು ಆರ್‌ಎಕ್ಸ್ ಹತ್ತಿದ. ಹಳೇ ಅಚ್ಚಿನಲ್ಲೇ ಉಳಿದ ಯೆಜ್ಡಿ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಹೊಗೆಯ ನಿಯಮ ಬಿಗಿಯಾಗ್ತಾ ಹೋದ ಹಾಗೆ ಟೂ ಸ್ಟ್ರೋಕ್ ಎಂಜಿನ್ನಿನ ಕಾಲ ಮುಗೀತು.

ಆಮೇಲೆ 2001. ಬಜಾಜ್ ಪಲ್ಸರ್. ಅಲ್ಲಿಯವರೆಗೆ ಬೈಕ್ ಅಂದರೆ ಎಷ್ಟು ಕೊಡುತ್ತೆ ಅಂತ ಕೇಳುತ್ತಿದ್ದ ದೇಶದಲ್ಲಿ, ನೋಡೋಕೆ ಹೇಗಿದೆ, ಎಳೆಯೋದು ಹೇಗೆ ಅಂತ ಕೇಳುವ ಹುಡುಗನನ್ನು ಬಜಾಜ್ ಗುರುತಿಸಿತು. 150 ಮತ್ತು 180 ಸಿಸಿ, ಮಧ್ಯಮ ವರ್ಗದವನ ಕೈಗೆ ಸಿಗೋ ಬೆಲೆ. ಸ್ಕೂಟರ್ ಕಂಪನಿ ಅನ್ನಿಸಿಕೊಂಡಿದ್ದ ಬಜಾಜ್ ಯುವಕರ ಕಂಪನಿ ಆಯಿತು.

ರಾಯಲ್ ಎನ್‌ಫೀಲ್ಡ್ ಕಥೆ ಇನ್ನೂ ಚೆನ್ನಾಗಿದೆ. ಬುಲೆಟ್ ಅಂದರೆ ಗೌಡರು, ಪೊಲೀಸರು, ಮಿಲಿಟರಿಯವರು ಅನ್ನೋ ಕಾಲ ಇತ್ತು. 2000ದಲ್ಲಿ ಸಿದ್ಧಾರ್ಥ ಲಾಲ್ ಇಪ್ಪತ್ತಾರನೇ ವಯಸ್ಸಿಗೇ ಅದರ ಹೊಣೆ ಹೊತ್ತರು. 2009ರಲ್ಲಿ ಕ್ಲಾಸಿಕ್ ಬಂತು. ರೂಪ ಅಜ್ಜನದು, ಎಂಜಿನ್ ಹೊಸದು, ಸ್ವಿಚ್ ಒತ್ತಿದರೆ ಸ್ಟಾರ್ಟ್. ಆದರೂ ಗಾಡಿ ಭಾರ, ನಮಗೆ ಆಗಲ್ಲ ಅಂತ ದೂರ ನಿಂತ ಹುಡುಗ ಹುಡುಗಿಯರು ಇದ್ದೇ ಇದ್ದರು. ಅವರಿಗಾಗಿ 2022ರ ಆಗಸ್ಟ್‌ನಲ್ಲಿ ಹಂಟರ್ 350 ಬಂತು. ಕ್ಲಾಸಿಕ್ 195 ಕೆಜಿ, ಹಂಟರ್ 181 ಕೆಜಿ. ಸೀಟು ತಗ್ಗು, ಚಕ್ರ ಚಿಕ್ಕದು, ಆರಂಭದ ಬೆಲೆ ಒಂದೂವರೆ ಲಕ್ಷ. ಬರೀ ಘೋಷಣೆ ಬದಲಿಸಿ ಸುಮ್ಮನಾಗಲಿಲ್ಲ, ಗಾಡಿಯನ್ನೇ ಬದಲಿಸಿದರು.

ಹಾರ್ಲೆ ಡೇವಿಡ್ಸನ್ ಪಾಠವೂ ಇದೇ. ದುಬಾರಿ ಗಾಡಿ ಮಾರಲು ಬಂದು 2020ರಲ್ಲಿ ಹರಿಯಾಣದ ಕಾರ್ಖಾನೆ ಮುಚ್ಚಿದರು. 2023ರಲ್ಲಿ ಹೀರೊ ಜೊತೆ ಸೇರಿ ಎಕ್ಸ್ 440 ತಂದರು. ಅದೇ ತಿಂಗಳು ಬಜಾಜ್ ಕೈಯಲ್ಲಿ ಮಾಡಿಸಿದ ಟ್ರಯಂಫ್ ಸ್ಪೀಡ್ 400 ಬಂತು. ಎರಡೂ ಆಗ ಎರಡೂವರೆ ಲಕ್ಷದ ಒಳಗೆ. ದೊಡ್ಡ ಹೆಸರುಗಳು ನಮ್ಮ ಹುಡುಗರ ಜೇಬು ನೋಡಿ ಕೆಳಗಿಳಿದು ಬಂದವು.

ಈಗ ಹೇಳಿ, ಇದರಲ್ಲಿ ನಮಗೆ ಕಾಣೋದೇನು? ಗೆದ್ದ ಪ್ರತಿ ಗಾಡಿಯೂ ಒಂದು ತೊಂದರೆ ಹುಡುಕಿ ಅದನ್ನು ತೀರಿಸಿದೆ. ಪೆಟ್ರೋಲ್ ಖರ್ಚು ತೀರಿಸಿದ್ದು ಒಂದು, ನಾಲ್ಕು ಜನರ ಮುಂದೆ ತಲೆ ಎತ್ತಿ ಓಡಿಸುವ ಆಸೆ ತೀರಿಸಿದ್ದು ಒಂದು, ಭಾರ ಇಳಿಸಿದ್ದು ಇನ್ನೊಂದು. ಹಾಗಾದರೆ ಪೋತ್ನಾಳದ ಹುಡುಗನ ತೊಂದರೆ ಯಾವುದು?

ಬೆಂಗಳೂರಿನ ಐಟಿ ಹುಡುಗನಿಗೆ ಬೈಕ್ ಅವನೊಬ್ಬನದು. ಶನಿವಾರ ನಂದಿಬೆಟ್ಟ, ಸೋಮವಾರ ಆಫೀಸು. ಪೋತ್ನಾಳದಲ್ಲಿ ಹಾಗಲ್ಲ ಸ್ವಾಮಿ. ಹೆಸರು ಮಗನದು, ಗಾಡಿ ಮನೆಯದು. ಬೆಳಿಗ್ಗೆ ಅಪ್ಪನನ್ನು ಗದ್ದೆಗೆ ಬಿಡಬೇಕು. ಗೊಬ್ಬರದ ಚೀಲ ಬರಬೇಕು. ತಂಗಿಯನ್ನು ಕಾಲೇಜಿಗೆ, ಅವ್ವನನ್ನು ಆಸ್ಪತ್ರೆಗೆ ಮುಟ್ಟಿಸಬೇಕು. ಸಂಜೆ ಒಂದು ತಾಸು ಮಾತ್ರ ಅದು ಅವನ ಗಾಡಿ. ಕಂಪನಿಗಳು ಆ ಒಂದು ತಾಸಿಗೆ ಮಾತ್ರ ಗಾಡಿ ಮಾಡ್ತಿದ್ದಾವೆ. ಉಳಿದ ಹೊತ್ತಿಗೆ ಬೇಕಾದ ಗಾಡಿ ಕೇಳಿದರೆ, ಅಪ್ಪನ ಕಾಲದ್ದನ್ನೇ ತೋರಿಸಿ "ಇದು ಮೈಲೇಜ್ ಗಾಡಿ" ಅಂತಾರೆ. ಹುಡುಗ ಅದರ ಕಡೆ ತಿರುಗಿಯೂ ನೋಡಲ್ಲ.

ಎರಡನ್ನೂ ಸೇರಿಸಿ ಒಂದು ಗಾಡಿ ಆಗಲ್ವಾ? ಆ ದಾರಿಯಲ್ಲಿ ನಡೆದ ಉದಾಹರಣೆ ಇದೆ. 2021ರಲ್ಲಿ ಟಿವಿಎಸ್ ರೈಡರ್ ಬಂತು. 125 ಸಿಸಿ ಗಾಡಿ, ಹೊಸ ತಲೆಮಾರಿಗೆ ಅಂತಲೇ ಮಾಡಿದ್ದು. ಡಿಜಿಟಲ್ ಮೀಟರು, ಸೀಟಿನ ಕೆಳಗೆ ಸಾಮಾನು ಇಡೋದಕ್ಕೆ ಸ್ವಲ್ಪ ಜಾಗ. ಹೊರಗೆ ಸ್ಟೈಲು, ಒಳಗೆ ಉಳಿತಾಯ. ಆ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಡಿ, ಹಿಂದೆ ಕೂರುವವರನ್ನೂ ನೋಡಿ ಅಂತ ಎಲ್ಲ ಕಂಪನಿಗಳಿಗೂ ನನ್ನ ಮಾತು.

ಇದು ಕಾನೂನಿನ ಮಾತೂ ಹೌದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಓದಿ. ಹಿಂದೆ ಕೂರುವವರಿಗೆ ಗಟ್ಟಿಯಾದ ಹಿಡಿಕೆ ಇರಬೇಕು, ಕಾಲಿಡೋದಕ್ಕೆ ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರಕ್ಕೆ ಅರ್ಧಕ್ಕೆ ಕಡಿಮೆ ಇಲ್ಲದ ಮರೆ ಇರಬೇಕು. ಸೀರೆ ಗಾರ್ಡ್ ಅಂದರೆ ಅದೇ. ಚಕ್ರಕ್ಕೆ ಸೆರಗು, ದುಪಟ್ಟಾ ಸಿಕ್ಕಿ ಹೆಣ್ಣುಮಕ್ಕಳು ಬಿದ್ದದ್ದನ್ನು ಕೇಳದ ಊರು ನಮ್ಮಲ್ಲಿದೆಯಾ? ಆದರೆ ಕಂಪನಿಗಳು ಈ ಸೀರೆ ಗಾರ್ಡನ್ನು ನಿಯಮಕ್ಕೆ ಬೇಕಲ್ಲ ಅಂತ ಅಂಟಿಸಿದ ಹಾಗೆ ಮಾಡ್ತಾವೆ. ಹುಡುಗ ಅದನ್ನು ಬಿಚ್ಚಿಸ್ತಾನೆ. ಅದನ್ನೇ ಗಾಡಿಯ ಅಂದಕ್ಕೆ ಹೊಂದುವ ಹಾಗೆ ಮಾಡಿ ನೋಡಿ, ಯಾರು ಬಿಚ್ಚಿಸ್ತಾನೆ?

ಹೋಂಡಾ ಇದನ್ನು ಅರವತ್ತು ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡಿತ್ತು. 1959ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿ ಬೈಕ್ ಅಂದರೆ ಪುಂಡರ ಗಾಡಿ ಅನ್ನೋ ಹೆಸರಿತ್ತು. ಹೋಂಡಾ ಒಯ್ದದ್ದು 50 ಸಿಸಿಯ, ಕಾಲು ದಾಟಿಸದೆ ಹತ್ತಬಹುದಾದ ಚಿಕ್ಕ ಗಾಡಿ. ಜಾಹೀರಾತಿನಲ್ಲಿ ತೋರಿಸಿದ್ದು ಮನೆಯ ಹೆಂಗಸರನ್ನು, ಜೋಡಿಗಳನ್ನು, ನಮ್ಮ ನಿಮ್ಮಂಥ ಸಾಮಾನ್ಯರನ್ನು. ಅಲ್ಲಿಯತನಕ ಬೈಕ್ ಮುಟ್ಟದವರು ಬೈಕ್ ಹತ್ತಿದರು.

ಎರಡನೇ ಮಾತು, ಕಂತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಒಳ್ಳೆಯದು. ಆದರೆ ನಮ್ಮ ಹುಡುಗರು ಗಾಡಿ ತರೋದು ಸಾಲದ ಮೇಲೆ. ಶೋರೂಮಿನಲ್ಲಿ ತಿಂಗಳ ಕಂತು ದೊಡ್ಡಕ್ಷರದಲ್ಲಿ ಬರೆದಿರ್ತಾರೆ. ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ 3,600 ಕಂತು, ಮೂರು ವರ್ಷ ಅಂತ ಇಟ್ಟುಕೊಳ್ಳಿ. ಒಟ್ಟು ಕಟ್ಟಿದ್ದು 1,29,600. ಈ ಒಟ್ಟು ಮೊತ್ತವನ್ನು ಮೊದಲು ತೋರಿಸಿ. ಇನ್ನೊಂದು ವಿಷಯ. ಭತ್ತ, ಹತ್ತಿ ಬೆಳೆಯುವವನಿಗೆ ತಿಂಗಳ ಸಂಬಳ ಎಲ್ಲಿದೆ? ದುಡ್ಡು ಬರೋದು ರಾಶಿ ಆದ ಮೇಲೆ. ಟ್ರ್ಯಾಕ್ಟರ್ ಸಾಲಕ್ಕೆ ಆರು ತಿಂಗಳಿಗೊಮ್ಮೆ ಕಂತು ಕೊಡ್ತಾರಲ್ಲ, ರೈತನ ಮಗನ ಬೈಕಿಗೆ ಯಾಕಾಗಲ್ಲ? ಕಾಲುವೆಗೆ ನೀರು ಬರದ ವರ್ಷ ಎರಡು ಕಂತು ತಪ್ಪಿದರೆ ಗಾಡಿ ಎತ್ತಿಕೊಂಡು ಹೋಗೋದಕ್ಕೆ ಜನ ಬರ್ತಾರೆ. ಆ ಮನೆಯವರು ಆ ಕಂಪನಿಯ ಗಾಡಿಯನ್ನು ಮತ್ತೆ ತರ್ತಾರಾ?

ಮೂರನೇದು ಜೀವದ ಮಾತು. ಕೇಂದ್ರ ಸರ್ಕಾರದ್ದೇ ಲೆಕ್ಕ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 44.5 ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂದೆ ಕೂತವರು! ಹಿಂದೆ ಕೂತವರು ಅಂದರೆ ಯಾರು? ಗೆಳೆಯ, ಹೆಂಡತಿ, ತಂಗಿ, ಅವ್ವ.

2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯವಾಯಿತು. ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಕಚ್ಚಿಕೊಂಡು ಜಾರದ ಹಾಗೆ ತಡೆಯುವ ವ್ಯವಸ್ಥೆ ಅದು. ನಮ್ಮ ರಸ್ತೆಗಳಲ್ಲಿ ಕಣದ ಹಾಗೆ ಜೋಳ, ಸಜ್ಜೆ ಹರವಿರುತ್ತಾರೆ. ಕುರಿ ಅಡ್ಡ ಬರುತ್ತವೆ. ಇಂಥ ಕಡೆ ಅದರ ಬೆಲೆ ಗೊತ್ತಾಗೋದು. ಇದನ್ನು ಜಾಹೀರಾತಿನ ಮುಖ್ಯ ಮಾತಾಗಿ ಯಾಕೆ ಹೇಳಲ್ಲ? ಹೀರೋ ವ್ಹೀಲಿಂಗ್ ಮಾಡೋದನ್ನು ಅರ್ಧ ನಿಮಿಷ ತೋರಿಸಿ, ಕೆಳಗೆ ಇರುವೆ ಅಕ್ಷರದಲ್ಲಿ "ಇದನ್ನು ಅನುಕರಿಸಬೇಡಿ" ಅಂತ ಹಾಕಿದರೆ ಜವಾಬ್ದಾರಿ ಮುಗೀತಾ? ಗಾಡಿಯ ಜೊತೆ ಒಂದಲ್ಲ, ಎರಡು ಒಳ್ಳೆಯ ಹೆಲ್ಮೆಟ್ ಕೊಡಿ. ಒಂದು ಹುಡುಗನಿಗೆ, ಒಂದು ಹಿಂದೆ ಕೂರುವವರಿಗೆ.

ಅಪ್ಪಂದಿರಿಗೂ ಒಂದು ಮಾತು ಹೇಳಲೇಬೇಕು. ಗೇರ್ ಗಾಡಿ ಓಡಿಸಲು 18 ತುಂಬಿರಬೇಕು. 16ರ ಮಗನ ಕೈಗೆ ಕೀಲಿ ಕೊಟ್ಟು ಅಪಘಾತವಾದರೆ, 2019ರ ತಿದ್ದುಪಡಿಯ ಪ್ರಕಾರ ನಿಮಗೇ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗಲ್ಲ. "ನಮ್ಮ ಹುಡುಗ ಚೆನ್ನಾಗಿ ಓಡಿಸ್ತಾನೆ" ಅನ್ನೋ ಮಾತು ಕೋರ್ಟಿನಲ್ಲಿ ನಡೆಯಲ್ಲ.

ಇನ್ನು ಕರೆಂಟ್ ಗಾಡಿ. ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿ 2022ರಲ್ಲಿ ಎಫ್ 77 ತಂದಿತು. ಕನ್ನಡ ನೆಲದಲ್ಲಿ ಹುಟ್ಟಿದ ಎಲೆಕ್ಟ್ರಿಕ್ ಬೈಕು, ನಮಗೆಲ್ಲ ಹೆಮ್ಮೆ. ಆದರೆ ಆಗಲೇ ಬೆಲೆ 3.8 ಲಕ್ಷದಿಂದ ಶುರು. ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲ ಬೆಳಕು ಕೊಡುವ ರಾಯಚೂರು ಜಿಲ್ಲೆಯ ಹುಡುಗನ ಕೈಗೆಟುಕುವ ಕರೆಂಟ್ ಬೈಕು, ಅದನ್ನು ರಿಪೇರಿ ಮಾಡಬಲ್ಲ ಪೋತ್ನಾಳದ ಮೇಸ್ತ್ರಿ, ಇವೆರಡೂ ಒಟ್ಟಿಗೇ ಬರಬೇಕು. ಮೇಸ್ತ್ರಿಗೆ ತರಬೇತಿ ಕೊಡದೆ ಹಳ್ಳಿಗೆ ಗಾಡಿ ಮಾರಿದರೆ, ಸಣ್ಣ ರಿಪೇರಿಗೂ ರಾಯಚೂರಿಗೆ ಹೊತ್ತೊಯ್ಯಬೇಕು.

ಹೊರಡುವ ಮುಂಚೆ ಆ ಹುಡುಗನನ್ನು ಕೇಳಿದೆ. "ಗಾಡಿ ಮಾರ್ತೀಯೇನಪ್ಪಾ?"

"ಇನ್ನಾ ಎರಡು ವರ್ಷ ಕಂತು ಐತ್ರಿ ಸರ್," ಅಂದ. ಆಮೇಲೆ ಮೇಸ್ತ್ರಿ ಕಡೆ ತಿರುಗಿ, "ಅಣ್ಣಾ, ಅವತ್ತ ಬಿಚ್ಚಿದ್ದು ಸೀರಿ ಗಾರ್ಡ್ ಐತೇನು? ಹಿಂದ ಹಿಡಿಕಿನೂ ಒಂದು ಕೂಡ್ಸಾಕ ಬರ್ತೈತೇನು?" ಅಂದ.

ಮೇಸ್ತ್ರಿ ಒಳಗೆ ಹೋಗಿ ಮೂಲೆಯಲ್ಲಿ ತಡಕಾಡತೊಡಗಿದ.

ಕಂಪನಿಯವರೇ, ಆ ಹುಡುಗನಿಗೆ ಏನು ಬೇಕು ಅಂತ ಗ್ಯಾರೇಜಿನ ಮೂಲೆಯಲ್ಲಿ ಹುಡುಕೋ ಕೆಲಸ ಮೇಸ್ತ್ರಿಗೆ ಬಿಡಬೇಡಿ. ಕಾರ್ಖಾನೆಯಲ್ಲೇ ಮಾಡಿ ಕಳಿಸಿ. ಹುಡುಗ ತಾನಾಗಿ ಬರ್ತಾನೆ, ಅವನ ಅವ್ವನೂ ಹಿಂದೆ ಕೂತು ಬರ್ತಾಳೆ.