ವಿಂಡೋಸ್ ಆಟಗಳು ಲಿನಕ್ಸ್‌ನಲ್ಲಿ ನಡೆಯುವ ಬಗೆ

ನಮ್ಮ ಪ್ರಯೋಗಾಲಯದಲ್ಲಿ ಗ್ಯಾಮಾ ಕಿರಣಗಳ ಶಕ್ತಿಯನ್ನು ಅಳೆಯುವ ಉಪಕರಣವೊಂದಿದೆ. ಅದರೊಂದಿಗೆ ಬಂದ ತಂತ್ರಾಂಶ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಉಪಕರಣ ಇಂದಿಗೂ ಚೆನ್ನಾಗಿದೆ; ಅದಕ್ಕೆ ಜೋಡಿಸಿದ್ದ ಕಂಪ್ಯೂಟರ್ ಮಾತ್ರ ಒಂದು ದಿನ ಕೆಟ್ಟು ನಿಂತಿತು. ಹೊಸ ತಂತ್ರಾಂಶ ಬೇಕೆಂದರೆ ಹೊಸ ಉಪಕರಣವನ್ನೇ ಕೊಳ್ಳಬೇಕೆಂದು ತಯಾರಕರಿಂದ ಉತ್ತರ ಬಂತು. ಆಗ ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬ, "ಸರ್, ಆ ಸಿ.ಡಿ. ಕೊಡಿ. ಹಾಸ್ಟೆಲ್‌ನಲ್ಲಿ ಗೇಮ್ಸ್ ಓಡಿಸೋ ಹಾಗೆ ಇದನ್ನೂ ಓಡಿಸಿ ನೋಡ್ತೀನಿ" ಎಂದ. ಅವನ ಲ್ಯಾಪ್‌ಟಾಪ್‌ನಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್. ಅಂದು ಸಂಜೆಯೊಳಗೆ ಸೀಸಿಯಂ-137ರ 662 ಕೆ.ಇ.ವಿ. ಶೃಂಗ ಆ ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡಿತ್ತು.

ವಿಂಡೋಸ್‌ಗಾಗಿ ಬರೆದ ಪ್ರೋಗ್ರಾಮು ಲಿನಕ್ಸ್‌ನಲ್ಲಿ ನಡೆದದ್ದು ಹೇಗೆ? ಯಾವುದೇ ಪ್ರೋಗ್ರಾಮಿನಲ್ಲಿ ಎರಡು ಬಗೆಯ ಕೆಲಸಗಳಿರುತ್ತವೆ. ಕೂಡುವುದು, ಗುಣಿಸುವುದು, ಹೋಲಿಸುವುದು ಇವೆಲ್ಲ ಪ್ರೊಸೆಸರ್‌ಗೆ ನೇರವಾಗಿ ಹೋಗುವ ಆದೇಶಗಳು. ಪ್ರೊಸೆಸರ್ ಒಂದೇ ಆಗಿರುವಾಗ ಈ ಆದೇಶಗಳಿಗೆ ವಿಂಡೋಸ್ ಎಂದೂ ಇಲ್ಲ, ಲಿನಕ್ಸ್ ಎಂದೂ ಇಲ್ಲ. ಆದರೆ ಫೈಲು ತೆರೆಯಲು, ಪರದೆಯ ಮೇಲೆ ಚಿತ್ರ ಬಿಡಿಸಲು, ಧ್ವನಿ ಹೊರಡಿಸಲು ಪ್ರೋಗ್ರಾಮು ಕಾರ್ಯಾಚರಣ ವ್ಯವಸ್ಥೆಯನ್ನು ಕೇಳಿಕೊಳ್ಳಬೇಕು. ಕೇಳುವ ರೀತಿ ಎರಡು ವ್ಯವಸ್ಥೆಗಳಲ್ಲೂ ಬೇರೆ ಬೇರೆ. ತೊಡಕಿರುವುದು ಇಲ್ಲಿ.

ಈ ಕೋರಿಕೆಗಳನ್ನು ನಡುವೆಯೇ ಹಿಡಿದು ಲಿನಕ್ಸ್‌ಗೆ ಅರ್ಥವಾಗುವಂತೆ ತಿರುಗಿಸಿ ಕೊಡುವ ತಂತ್ರಾಂಶವೇ 'ವೈನ್'. 1993ರಲ್ಲಿ ಇದು ಆರಂಭವಾದಾಗ ವಿಂಡೋಸ್ 3.1ರ ಪ್ರೋಗ್ರಾಮುಗಳನ್ನು ನಡೆಸುವುದಷ್ಟೇ ಗುರಿಯಾಗಿತ್ತು. 1994ರಿಂದ ಅಲೆಕ್ಸಾಂಡರ್ ಜೂಲಿಯಾರ್ ಇದರ ಹೊಣೆ ಹೊತ್ತಿದ್ದಾರೆ. ಆವೃತ್ತಿ 1.0 ಹೊರಬಂದದ್ದು 2008ರಲ್ಲಿ, ಅಂದರೆ ಹದಿನೈದು ವರ್ಷಗಳ ನಂತರ! ಕೆಲಸ ಎಷ್ಟು ನವಿರಾದದ್ದು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಪ್ರೋಗ್ರಾಮು 'ಸಿ' ಡ್ರೈವಿನಲ್ಲಿರುವ ಫೈಲೊಂದನ್ನು ಕೇಳುತ್ತದೆ. ಲಿನಕ್ಸ್‌ನಲ್ಲಿ 'ಸಿ' ಡ್ರೈವೇ ಇಲ್ಲ. ವೈನ್ ಬಳಕೆದಾರನ ಕಡತಕೋಶದಲ್ಲಿ ಒಂದು ಉಪಕೋಶವನ್ನು ಮಾಡಿ, ಅದನ್ನೇ 'ಸಿ' ಡ್ರೈವ್ ಎಂದು ತೋರಿಸುತ್ತದೆ. ಇನ್ನು ವಿಂಡೋಸ್ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳಿಗೆ ಭೇದ ಎಣಿಸುವುದಿಲ್ಲ. ಲಿನಕ್ಸ್ ಸಾಮಾನ್ಯವಾಗಿ ಎಣಿಸುತ್ತದೆ. ಹಾಗಾಗಿ ಹೆಸರು ನೇರವಾಗಿ ಸಿಗದಿದ್ದಲ್ಲಿ ವೈನ್ ಇಡೀ ಕೋಶವನ್ನು ಜಾಲಾಡಬೇಕು.

ವಿಂಡೋಸ್‌ನ ಮೂಲ ಸಂಕೇತವನ್ನು ನೋಡದೆಯೇ ಇದನ್ನೆಲ್ಲ ಬರೆಯಬೇಕಿತ್ತು. ಬಿ.ಎಸ್ಸಿ. ಓದಿದವರಿಗೆ ಪ್ರಾಯೋಗಿಕ ತರಗತಿಯ 'ಕಪ್ಪು ಪೆಟ್ಟಿಗೆ' ನೆನಪಿರಬಹುದು. ಪೆಟ್ಟಿಗೆಯನ್ನು ಬಿಚ್ಚುವಂತಿಲ್ಲ, ಹೊರಗಿನ ತುದಿಗಳಿಗೆ ವಿಭವಾಂತರ ಕೊಟ್ಟು, ಒಳಗಿರುವುದು ರೋಧಕವೋ ಡಯೋಡೋ ಧಾರಕವೋ ಎಂದು ಪತ್ತೆ ಮಾಡಬೇಕು. ವೈನ್ ತಂಡದವರದೂ ಇದೇ ವಿಧಾನ. ಸಾವಿರಾರು ಪುಟ್ಟ ಪರೀಕ್ಷೆಗಳನ್ನು ಬರೆದು ಮೊದಲು ನಿಜವಾದ ವಿಂಡೋಸ್‌ನಲ್ಲಿ ನಡೆಸುತ್ತಾರೆ; ಬಂದ ಉತ್ತರವೇ ವೈನ್‌ನಲ್ಲೂ ಬರಬೇಕು. ವಿಂಡೋಸ್ ತಪ್ಪು ಉತ್ತರ ಕೊಟ್ಟರೆ ವೈನ್ ಕೂಡ ಅದೇ ತಪ್ಪನ್ನು ಮಾಡಬೇಕು! ಆ ತಪ್ಪನ್ನೇ ನಂಬಿಕೊಂಡ ಪ್ರೋಗ್ರಾಮುಗಳು ಎಲ್ಲೋ ಇರುತ್ತವೆ.

ಕಚೇರಿಯ ತಂತ್ರಾಂಶಗಳಿಗೆ ಇಷ್ಟು ಸಾಕು. ಆಟಗಳ ವಿಷಯ ಬೇರೆ. ವಿಂಡೋಸ್ ಆಟಗಳು ಚಿತ್ರ ಬಿಡಿಸಲು 'ಡೈರೆಕ್ಟ್3ಡಿ' ಎಂಬ ಆದೇಶಮಾಲೆಯನ್ನು ಬಳಸುತ್ತವೆ. ವೈನ್ ಮೊದಲು ಇದನ್ನು 'ಓಪನ್‌ಜಿಎಲ್'ಗೆ ತಿರುಗಿಸುತ್ತಿತ್ತು. ಎರಡರ ಸ್ವಭಾವ ಹೊಂದದ ಕಾರಣ ಹೊಸ ಆಟಗಳು ತೆವಳುತ್ತಿದ್ದವು. 2016ರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು ಸಮೀಪವಾದ 'ವಲ್ಕನ್' ಎಂಬ ಮುಕ್ತ ಮಾನಕ ಬಂತು. 'ನಿಯರ್: ಆಟೋಮಟಾ' ಎಂಬ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕೆಂಬ ಆಸೆಯಿಂದ ಜರ್ಮನಿಯ ಫಿಲಿಪ್ ರೇಬೋಲ್ ಎಂಬ ತರುಣ ಡೈರೆಕ್ಟ್3ಡಿ 11ನ್ನು ವಲ್ಕನ್‌ಗೆ ತಿರುಗಿಸುವ 'ಡಿಎಕ್ಸ್‌ವಿಕೆ'ಯನ್ನು ಬರೆಯತೊಡಗಿದರು. 2018ರ ಆಗಸ್ಟಿನಲ್ಲಿ ವಾಲ್ವ್ ಕಂಪನಿ ವೈನ್, ಡಿಎಕ್ಸ್‌ವಿಕೆ ಮುಂತಾದವನ್ನು ಒಟ್ಟುಗೂಡಿಸಿ 'ಪ್ರೋಟಾನ್' ಎಂಬ ಹೆಸರಿನಲ್ಲಿ ತನ್ನ ಸ್ಟೀಮ್ ಆಟದ ಮಳಿಗೆಯೊಳಗೆ ಸೇರಿಸಿತು. (ನಮ್ಮ ಪ್ರೋಟಾನಿಗೂ ಇದಕ್ಕೂ ಸಂಬಂಧವಿಲ್ಲ!)

ಇಲ್ಲಿ ಭೌತವಿಜ್ಞಾನಿಗೆ ಇಷ್ಟವಾಗುವ ಅಂಶವೊಂದಿದೆ. ಸೆಕೆಂಡಿಗೆ 60 ಚಿತ್ರಗಳು ಬೇಕೆಂದರೆ ಒಂದೊಂದು ಚಿತ್ರಕ್ಕೆ ದೊರೆಯುವ ಕಾಲ 16.7 ಮಿಲಿಸೆಕೆಂಡು. ಒಂದು ಸೆಕೆಂಡಿನಲ್ಲಿ 50 ಚಿತ್ರಗಳು ತಲಾ 16 ಮಿಲಿಸೆಕೆಂಡು ತೆಗೆದುಕೊಂಡು, ಇನ್ನೊಂದು ಚಿತ್ರ 200 ಮಿಲಿಸೆಕೆಂಡು ತೆಗೆದುಕೊಂಡಿತು ಎನ್ನೋಣ. ಸರಾಸರಿ 51, ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಕಣ್ಣಿಗೆ ಆಟ ಗಕ್ಕನೆ ನಿಂತು ಹೊರಟಂತೆ ಕಾಣುತ್ತದೆ. ಸರಾಸರಿಯನ್ನಷ್ಟೇ ಬರೆದು ಚದುರುವಿಕೆಯನ್ನು ಬಿಟ್ಟುಬಿಡುವ ವಿದ್ಯಾರ್ಥಿಗಳಿಗೆ ನಾನೀಗ ಇದೇ ಉದಾಹರಣೆ ಕೊಡುತ್ತೇನೆ. 'ಮ್ಯಾಂಗೋಹಡ್' ಎಂಬ ಮುಕ್ತ ಸಾಧನ ಪ್ರತಿ ಚಿತ್ರದ ಕಾಲವನ್ನು ಆಟದ ಮೇಲೆಯೇ ನಕ್ಷೆಯಾಗಿ ಬರೆದು ತೋರಿಸುತ್ತದೆ. ಚೂಪಾದ ಶೃಂಗಗಳಿಗೆ ಒಂದು ಮುಖ್ಯ ಕಾರಣ 'ಶೇಡರ್' ಎಂಬ ಪುಟ್ಟ ಪ್ರೋಗ್ರಾಮುಗಳು. ನೀರು, ಹೊಗೆ, ಲೋಹ ಹೀಗೆ ಹೊಸ ಮೇಲ್ಮೈ ಮೊದಲ ಬಾರಿ ಕಂಡಾಗ ಅದರ ಶೇಡರ್ ಅನ್ನು ಗ್ರಾಫಿಕ್ಸ್ ಕಾರ್ಡಿನ ಯಂತ್ರಭಾಷೆಗೆ ಪರಿವರ್ತಿಸಬೇಕು. ಅಷ್ಟು ಹೊತ್ತು ಆಟ ಕಾಯುತ್ತದೆ. ಶೇಡರ್‌ನ ಬಿಡಿಭಾಗಗಳನ್ನು ಮೊದಲೇ ಪರಿವರ್ತಿಸಿಟ್ಟು ಬೇಕಾದಾಗ ಜೋಡಿಸುವ ವಿಧಾನ 2022ರ ನವೆಂಬರಿನ ಡಿಎಕ್ಸ್‌ವಿಕೆ 2.0ರಲ್ಲಿ ಬಂದ ಮೇಲೆ, ಅದಕ್ಕೆ ಬೆಂಬಲವಿರುವ ಕಾರ್ಡುಗಳಲ್ಲಿ ಈ ತಡವರಿಕೆ ಬಹಳ ತಗ್ಗಿತು.

ಆಟಗಳ ಒತ್ತಡ ಲಿನಕ್ಸ್‌ನ ತಿರುಳಾದ ಕರ್ನಲ್‌ವರೆಗೂ ಮುಟ್ಟಿದೆ. ಒಂದೇ ಸಲಕ್ಕೆ ಹಲವು ಘಟನೆಗಳಿಗಾಗಿ ಕಾಯುವ ಸೌಲಭ್ಯ ವಿಂಡೋಸ್‌ನಲ್ಲಿದೆ. ಲಿನಕ್ಸ್‌ನಲ್ಲಿ ಅದಕ್ಕೆ ಸರಿಸಾಟಿ ಇರಲಿಲ್ಲ. 2022ರಲ್ಲಿ 5.16ನೇ ಕರ್ನಲ್‌ಗೆ ಹತ್ತಿರದ ಸೌಲಭ್ಯವೊಂದು ಸೇರಿತು. 2025ರಲ್ಲಿ 6.14ನೇ ಕರ್ನಲ್‌ನಲ್ಲಿ ವಿಂಡೋಸ್‌ನ ವರ್ತನೆಯನ್ನೇ ಅನುಸರಿಸುವ 'ಎನ್‌ಟಿಸಿಂಕ್' ಬಳಕೆಗೆ ಬಂತು.

ಬಳಕೆದಾರರೇ ಕಟ್ಟಿಕೊಂಡ ಉಪಕರಣಗಳೂ ಸಾಕಷ್ಟಿವೆ. 'ವೈನ್‌ಟ್ರಿಕ್ಸ್' ಪ್ರೋಗ್ರಾಮಿಗೆ ಬೇಕಾದ ಹೆಚ್ಚುವರಿ ಕಡತಗಳನ್ನು ತಂದು ಕೂರಿಸುತ್ತದೆ. 'ಲೂಟ್ರಿಸ್'ನಲ್ಲಿ ಯಾವ ಆಟಕ್ಕೆ ಯಾವ ವೈನ್, ಯಾವ ಜೋಡಣೆ ಎಂಬುದನ್ನು ಮೊದಲು ಗೆದ್ದವನು ಆದೇಶಪಟ್ಟಿಯಾಗಿ ಬರೆದಿಡುತ್ತಾನೆ. ನಂತರದವರಿಗೆ ಒಂದು ಕ್ಲಿಕ್ ಸಾಕು. 'ಪ್ರೋಟಾನ್‌ಡಿಬಿ'ಯಲ್ಲಿ ಆಡಿದವರು ತಮ್ಮ ಗ್ರಾಫಿಕ್ಸ್ ಕಾರ್ಡು, ಆವೃತ್ತಿಗಳ ಸಮೇತ ವರದಿ ಬರೆಯುತ್ತಾರೆ. ಇವುಗಳಲ್ಲಿ ಕೆಲವನ್ನು ಓದಿದ್ದೇನೆ. ಪರಿಸ್ಥಿತಿ, ಕ್ರಮ, ಫಲಿತಾಂಶ ಎಲ್ಲ ಇರುತ್ತದೆ. ನಮ್ಮ ರೆಕಾರ್ಡ್ ಪುಸ್ತಕಗಳೂ ಹೀಗಿದ್ದರೆ ಎನಿಸಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನು ಬೇಡುವುದರಿಂದ, ಸುಸ್ಥಿತಿಯಲ್ಲಿರುವ ಎಷ್ಟೋ ಹಳೆಯ ಕಂಪ್ಯೂಟರುಗಳು ಅದಕ್ಕೆ ಅನರ್ಹವಾಗಿವೆ. ಅವುಗಳ ಮುಂದಿನ ಆಯುಷ್ಯ ಇಂಥ ಸಾಧನಗಳನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಆದರೆ ಎಲ್ಲ ಆಟಗಳೂ ನಡೆಯುವುದಿಲ್ಲ. ಜಾಲದಲ್ಲಿ ಆಡುವ ಕೆಲವು ಆಟಗಳು ಮೋಸ ತಡೆಯಲು ಕಾವಲು ತಂತ್ರಾಂಶವನ್ನು ವಿಂಡೋಸ್‌ನ ಕರ್ನಲ್‌ನೊಳಗೇ ಇರಿಸುತ್ತವೆ. 'ವ್ಯಾಲರಂಟ್' ಅಂಥದು. ವೈನ್ ತಿರುಗಿಸುವುದು ಪ್ರೋಗ್ರಾಮು ಕರ್ನಲ್‌ಗೆ ಕಳಿಸುವ ಕೋರಿಕೆಗಳನ್ನು. ಕರ್ನಲ್‌ನೊಳಗೇ ಕೂರಬೇಕಾದ ತುಣುಕಿಗೆ ಅಲ್ಲಿ ವಿಂಡೋಸ್ ಕರ್ನಲ್ ಇಲ್ಲವೇ ಇಲ್ಲ. ತಿರುಗಿಸಿ ಕೊಡುವುದಾದರೂ ಯಾರಿಗೆ? 'ಈಸಿ ಆಂಟಿ-ಚೀಟ್', 'ಬ್ಯಾಟಲ್‌ಐ' ಎಂಬ ಕಾವಲುಗಳು 2021ರಲ್ಲಿ ಪ್ರೋಟಾನ್‌ಗೆ ದಾರಿ ಮಾಡಿಕೊಟ್ಟವಾದರೂ ಒಪ್ಪಿಗೆ ಆಟದ ಕಂಪನಿಯದು. 'ಏಪೆಕ್ಸ್ ಲೆಜೆಂಡ್ಸ್' ಕೊಟ್ಟಿದ್ದ ಒಪ್ಪಿಗೆಯನ್ನು 2024ರ ಅಕ್ಟೋಬರಿನಲ್ಲಿ ಹಿಂತೆಗೆದುಕೊಂಡಿತು. ಅದುವರೆಗೆ ನಡೆಯುತ್ತಿದ್ದ ಆಟ ಬಳಕೆದಾರರ ಯಾವ ತಪ್ಪೂ ಇಲ್ಲದೆ ನಿಂತುಹೋಯಿತು.

ಈ ಗಡಿಯನ್ನು ನಾವೂ ಮುಟ್ಟಿದೆವು. ಗ್ಯಾಮಾ ಉಪಕರಣ ಹಳೆಯ ಸೀರಿಯಲ್ ಪೋರ್ಟಿನದಾಗಿದ್ದರಿಂದ ಬದುಕಿಕೊಂಡಿತು. ವೈನ್ ಲಿನಕ್ಸ್‌ನ ಪೋರ್ಟನ್ನೇ 'ಕಾಂ1' ಎಂದು ತೋರಿಸಿದರೆ ಸಾಕು. ಇದರಿಂದ ಹುಮ್ಮಸ್ಸುಗೊಂಡು ಬೆಳಕಿನ ರೋಹಿತಮಾಪಕವೊಂದನ್ನೂ ಜೋಡಿಸಿ ನೋಡಿದೆವು. ಅದು ಯು.ಎಸ್.ಬಿ.ಯದು, ತನ್ನದೇ ವಿಂಡೋಸ್ ಕರ್ನಲ್ ಡ್ರೈವರ್ ಬೇಡುತ್ತದೆ. ತಂತ್ರಾಂಶವೇನೋ ತೆರೆದುಕೊಂಡಿತು, "ಉಪಕರಣ ಇಲ್ಲ" ಎಂದು ಹೇಳಿ ಸುಮ್ಮನಾಯಿತು. ಸದ್ಯಕ್ಕೆ ಅದನ್ನು ಜಾಲದ ಸಂಪರ್ಕವಿಲ್ಲದ ಹಳೆಯ ವಿಂಡೋಸ್ ಯಂತ್ರವೊಂದಕ್ಕೆ ಕಟ್ಟಿಹಾಕಿದ್ದೇವೆ. ಅದೇ ವಿದ್ಯಾರ್ಥಿ ಈಗ ವೈರ್‌ಶಾರ್ಕ್ ಬಳಸಿ ಆ ಯು.ಎಸ್.ಬಿ. ತಂತಿಯಲ್ಲಿ ಹರಿಯುವ ಸಂದೇಶಗಳನ್ನು ಒಂದೊಂದಾಗಿ ದಾಖಲಿಸುತ್ತಿದ್ದಾನೆ. ಇದುವರೆಗೆ ಪತ್ತೆಯಾಗಿರುವುದು ದೀಪ ಹೊತ್ತಿಸುವ ಆದೇಶ ಒಂದೇ.